ಒರೆಗಾನ್ ಸಾಕು, ತಲಪಾಡಿಗೆ ಬನ್ನಿ

ನಮಸ್ಕಾರ,

ನಿಮ್ಮ 'ಮೈಲಿಗೊಂದು ತೆರಿಗೆ' ಲೇಖನ ಓದಿದೆ. ಈಗಿರುವ ಹಾಗೆ ಹಾಕಲಿಕ್ಕೆ ಆಗುವುದಿಲ್ಲ. ಹಾಗಂತ ಹರಿದು ಬಿಸಾಡಬೇಡಿ. ಒಳಗೆ ಒಂದು ಒಳ್ಳೆಯ ಲೇಖನ ಉಂಟು, ನೀವು ಅದನ್ನು ಕೊನೆಯ ಪುಟದಲ್ಲಿ ಎರಡೇ ವಾಕ್ಯಕ್ಕೆ ಮುಗಿಸಿದ್ದೀರಿ.

ನಿಮ್ಮ ವಾದ ಇಷ್ಟು: ಎಲೆಕ್ಟ್ರಿಕ್ ಗಾಡಿ ಜಾಸ್ತಿಯಾದರೆ ಪೆಟ್ರೋಲ್ ತೆರಿಗೆ ಇಳಿಯುತ್ತದೆ, ರಸ್ತೆಗೆ ದುಡ್ಡು ಸಾಲದೆ ಹೋಗುತ್ತದೆ, ಹಾಗಾಗಿ ಓಡಿದ ದೂರಕ್ಕೆ ತೆರಿಗೆ ಹಾಕಬೇಕು. ಅದಕ್ಕೆ ಅಮೆರಿಕದ ಒರೆಗಾನ್ ರಾಜ್ಯವನ್ನು ಮುಂದಿಟ್ಟಿದ್ದೀರಿ. 1919ರಲ್ಲಿ ಅಮೆರಿಕದಲ್ಲೇ ಮೊದಲು ಪೆಟ್ರೋಲ್ ತೆರಿಗೆ ಹಾಕಿದ್ದು ಆ ರಾಜ್ಯ. 2015ರಲ್ಲಿ ಇಷ್ಟವಿದ್ದವರಿಗೆ ಮೈಲಿಗೆ ಒಂದೂವರೆ ಸೆಂಟ್ ಲೆಕ್ಕ ಶುರು ಮಾಡಿದ್ದೂ ಅದೇ. ಎಲ್ಲ ಸರಿ. ಆದರೆ ಮುಖ್ಯವಾದದ್ದನ್ನೇ ಬಿಟ್ಟಿದ್ದೀರಿ. ಅಲ್ಲಿ ಪೆಟ್ರೋಲ್ ತೆರಿಗೆಯ ಹಣ ರಸ್ತೆಗೇ ಹೋಗಬೇಕು ಅಂತ ರಾಜ್ಯದ ಸಂವಿಧಾನದಲ್ಲೇ ಬರೆದಿದೆ. ತೆರಿಗೆ ಇಳಿದರೆ ರಸ್ತೆಗೆ ನೇರ ಪೆಟ್ಟು.

ನಮ್ಮಲ್ಲಿ ಹಾಗಲ್ಲ ಮಾರಾಯ್ರೆ. ಬಂಕಿನಲ್ಲಿ ನಾವು ಕೊಡುವ ರಾಜ್ಯದ ಮಾರಾಟ ತೆರಿಗೆ ಸೀದಾ ಬೊಕ್ಕಸಕ್ಕೆ ಬೀಳುತ್ತದೆ. ಅಲ್ಲಿಂದ ಸಂಬಳಕ್ಕೂ ಹೋಗಬಹುದು, ಪಿಂಚಣಿಗೂ ಹೋಗಬಹುದು, ನಿಮ್ಮ ಮನೆ ಎದುರಿನ ಹೊಂಡ ಮುಚ್ಚಲಿಕ್ಕೂ ಹೋಗಬಹುದು. 2024ರ ಜೂನ್‌ನಲ್ಲಿ ಕರ್ನಾಟಕ ಪೆಟ್ರೋಲ್ ತೆರಿಗೆಯನ್ನು ಶೇ 25.92ರಿಂದ 29.84ಕ್ಕೆ ಏರಿಸಿತು. ಲೀಟರಿಗೆ ಸುಮಾರು 3 ರೂಪಾಯಿ ಹೆಚ್ಚಾಯಿತು. ಆ 3 ರೂಪಾಯಿ ರಸ್ತೆಗೆ ಅಂತ ತೆಗೆದಿಟ್ಟದ್ದಲ್ಲ. ಕೇಂದ್ರ ಸರ್ಕಾರ ವಸೂಲಿ ಮಾಡುವ ರಸ್ತೆ ಸೆಸ್ ಬೇರೆಯೇ ಇದೆ, ಅದರ ಸುದ್ದಿಯೇ ನಿಮ್ಮಲ್ಲಿಲ್ಲ. ಹಾಗಾದರೆ ಇಲ್ಲಿ ಪೆಟ್ರೋಲ್ ತೆರಿಗೆ ಬತ್ತಿದರೆ ಮೊದಲು ಏಟು ತಿನ್ನುವುದು ರಸ್ತೆಯೋ, ಬೇರೆ ಯಾವುದೋ? ಈ ಪ್ರಶ್ನೆ ಕೇಳದೆ ಒರೆಗಾನ್‌ನ ವಾದವನ್ನು ತಂದು ಪಡುಬಿದ್ರಿಯಲ್ಲಿ ನಿಲ್ಲಿಸಿದರೆ ಅದು ನಿಲ್ಲುವುದಿಲ್ಲ.

ಈಗ ಆ ಕೊನೆಯ ಪುಟಕ್ಕೆ ಬರುತ್ತೇನೆ. ಕೇರಳಕ್ಕಿಂತ ನಮ್ಮಲ್ಲಿ ಪೆಟ್ರೋಲ್ ಅಗ್ಗ, ಅದಕ್ಕೆ ಗಡಿಯಾಚೆಯ ಗಾಡಿಗಳು ಗಡಿಯ ಈಚೆ ಇರುವ ತಲಪಾಡಿಗೆ ಬಂದು ತುಂಬಿಸಿಕೊಂಡು ಹೋಗುತ್ತವೆ ಅಂತ ಬರೆದು ಸುಮ್ಮನಾಗಿದ್ದೀರಿ. ಅಲ್ಲೇ ಸ್ವಲ್ಪ ಹೊತ್ತು ನಿಂತು ಬರೆಯಬೇಕಿತ್ತು! ಕೆಎಲ್ 14 ನಂಬರಿನ, ಅಂದರೆ ಕಾಸರಗೋಡಿನ ಕಾರು ಇಲ್ಲಿ ಟ್ಯಾಂಕ್ ಫುಲ್ ಮಾಡಿಸುತ್ತದೆ, ಮಂಜೇಶ್ವರ, ಕಾಸರಗೋಡು ಅಂತ ವಾರವಿಡೀ ಅಲ್ಲೇ ಓಡಾಡುತ್ತದೆ. ತೆರಿಗೆ ಕರ್ನಾಟಕಕ್ಕೆ, ಸವೆಯುವ ರಸ್ತೆ ಕೇರಳದ್ದು. ದೂರಕ್ಕೆ ತೆರಿಗೆ ಅಂತಾದರೆ ಈ ಲೆಕ್ಕ ತಲೆಕೆಳಗಾಗುತ್ತದೆ. ಬರೀ ಓಡೋಮೀಟರ್ ನೋಡಿದರೆ ಎಷ್ಟು ಓಡಿದೆ ಅಂತ ಗೊತ್ತಾಗುತ್ತದೆ, ಎಲ್ಲಿ ಓಡಿದೆ ಅಂತ ಗೊತ್ತಾಗುವುದಿಲ್ಲ. ಎಲ್ಲಿ ಅಂತ ತಿಳಿಯಬೇಕಾದರೆ ಗಾಡಿಯನ್ನು ಜಿಪಿಎಸ್‌ನಲ್ಲಿ ಹಿಂಬಾಲಿಸಬೇಕು. ಖಾಸಗಿತನದ ಬಗ್ಗೆ ನೀವು ಬೇರೆ ಕಡೆ ಬರೆದ ಸಪ್ಪೆ ಪ್ಯಾರಾ ಇಲ್ಲಿಗೆ ತಂದರೆ ಜೀವ ಬರುತ್ತದೆ. ಒಂದು ಬೆಳಿಗ್ಗೆ ತಲಪಾಡಿಯ ಬಂಕಿನ ಹತ್ತಿರ ನಿಲ್ಲಿ. ಪೆಟ್ರೋಲ್ ಹಾಕುವ ಹುಡುಗನ ಹತ್ತಿರ ಮಾತಾಡಿ. ತುಂಬಿಸಲಿಕ್ಕೆ ಬಂದವರನ್ನೂ ಕೇಳಿ, ಎಷ್ಟು ದೂರದಿಂದ ಬಂದಿರಿ, ಎಷ್ಟು ಉಳಿಯಿತು ಅಂತ.

ಟೋಲನ್ನೂ ಈ ದೂರದ ತೆರಿಗೆಯನ್ನೂ ಕಲಸಿ ಬಿಟ್ಟಿದ್ದೀರಿ. ಹೆಜಮಾಡಿಯಲ್ಲಿ, ಸಾಸ್ತಾನದಲ್ಲಿ ಕೊಡುವುದು ಆ ಹೆದ್ದಾರಿಯ ಆ ಭಾಗಕ್ಕೆ. ನೀವು ಹೇಳುವ ತೆರಿಗೆ ಮನೆ ಗೇಟಿನಿಂದಲೇ ಶುರುವಾಗುತ್ತದೆ. ಓದುವವರಿಗೆ ಇದು ಇನ್ನೊಂದು ಟೋಲ್ ಅಂತಲೇ ಕಾಣುತ್ತದೆ. ಸುರತ್ಕಲ್ ಟೋಲ್ ವಿರುದ್ಧ ವರ್ಷಗಟ್ಟಲೆ ಹೋರಾಡಿ, 2022ರ ಡಿಸೆಂಬರಿನಲ್ಲಿ ಅದನ್ನು ನಿಲ್ಲಿಸಿದ ಊರಿನವರು ಇವರು. ಅವರ ಸಿಟ್ಟಿಗೆ ನಿಮ್ಮಲ್ಲಿ ಉತ್ತರ ಇರಬೇಕು, ಅಲ್ವಾ? ಇನ್ನೊಂದು. ಉಪಗ್ರಹದ ಮೂಲಕ ಹೆದ್ದಾರಿ ಶುಲ್ಕ ತೆಗೆಯಲು ಕೇಂದ್ರ 2024ರ ಸೆಪ್ಟೆಂಬರಿನಲ್ಲಿ ನಿಯಮ ತಿದ್ದಿತು, ದಿನಕ್ಕೆ ಮೊದಲ 20 ಕಿ.ಮೀ.ಗೆ ಶುಲ್ಕವಿಲ್ಲ ಅಂತಲೂ ಹೇಳಿತು. ನಿಮ್ಮ ವಿಷಯಕ್ಕೆ ಇಷ್ಟು ಹತ್ತಿರದ್ದು ಮನೆಯಲ್ಲೇ ಇರುವಾಗ ಅಮೆರಿಕಕ್ಕೆ ಯಾಕೆ ಓಡಿದಿರಿ?

ಎಲ್ಲ ಗಾಡಿಗೂ ಕಿಲೋಮೀಟರಿಗೆ ಒಂದೇ ದರ ಎಂಬ ನಿಮ್ಮ ಸಲಹೆ ನನಗೆ ಒಪ್ಪಿಗೆಯಿಲ್ಲ. ಆಕ್ಸಲ್, ಅಂದರೆ ಚಕ್ರಗಳನ್ನು ಜೋಡಿಸುವ ಅಚ್ಚಿನ ಮೇಲಿನ ಭಾರ ಎರಡು ಪಟ್ಟಾದರೆ ರಸ್ತೆಗೆ ಆಗುವ ಹಾನಿ ಸುಮಾರು 16 ಪಟ್ಟು ಅಂತ ಎಂಜಿನಿಯರುಗಳು ಲೆಕ್ಕ ಹಾಕುತ್ತಾರೆ. ಪಣಂಬೂರಿನಿಂದ ಶಿರಾಡಿ ಘಾಟಿ ಹತ್ತುವ ಟ್ಯಾಂಕರೂ ಕದ್ರಿಯಿಂದ ಹಂಪನಕಟ್ಟೆಗೆ ಹೋಗುವ ಸ್ಕೂಟರೂ ಒಂದೇ ಸಾಲಿನಲ್ಲಿ ನಿಲ್ಲುವುದು ಹೇಗೆ? ನ್ಯೂಜಿಲೆಂಡ್‌ನಲ್ಲಿ ಡೀಸೆಲ್ ಗಾಡಿಗಳಿಗೆ ದೂರ ಮತ್ತು ತೂಕ ಎರಡನ್ನೂ ನೋಡಿ ಶುಲ್ಕ ಹಾಕುವ ಪದ್ಧತಿ 1970ರ ದಶಕದಿಂದಲೇ ಇದೆ. 2024ರ ಏಪ್ರಿಲ್‌ನಲ್ಲಿ ಎಲೆಕ್ಟ್ರಿಕ್ ಕಾರುಗಳನ್ನೂ ಸೇರಿಸಿದರು, 1000 ಕಿ.ಮೀ.ಗೆ ಅವರ 76 ಡಾಲರ್. ಒರೆಗಾನ್ ಪುಟಗಳನ್ನು ಕತ್ತರಿಸಿ ಇದನ್ನು ಹಾಕಿ. ನನ್ನನ್ನು ಕೇಳಿದರೆ ಇಂಥ ತೆರಿಗೆ ಬರುವುದಾದರೆ ಭಾರದ ಗಾಡಿಗಳಿಂದ ಶುರುವಾಗಬೇಕು, ರಿಕ್ಷಾದವರನ್ನು ಕೊನೆಗೆ ಮುಟ್ಟಬೇಕು. ನೀವು ಒಪ್ಪಬೇಕಂತಿಲ್ಲ, ಆದರೆ ಯಾಕೆ ಒಪ್ಪುವುದಿಲ್ಲ ಅಂತ ಬರೆಯಿರಿ.

'ಎಲೆಕ್ಟ್ರಿಕ್ ಗಾಡಿಯವರು ಒಂದು ಪೈಸೆಯನ್ನೂ ಕೊಡುವುದಿಲ್ಲ' ಎಂಬ ಸಾಲು ತೆಗೆಯಿರಿ. 25 ಲಕ್ಷಕ್ಕಿಂತ ಹೆಚ್ಚು ಬೆಲೆಯ ಎಲೆಕ್ಟ್ರಿಕ್ ಕಾರಿಗೆ 2024ರಲ್ಲೇ ರಾಜ್ಯ ಶೇ 10 ಜೀವಾವಧಿ ತೆರಿಗೆ ಹಾಕಿದೆ. 'ಇಂದಿನ ಆಧುನಿಕ ಯುಗದಲ್ಲಿ' ಅಂತ ಶುರುವಾಗುವ ಮೊದಲ ಪ್ಯಾರಾ ಪೂರ್ತಿ ಹೋಗಲಿ, ಯಾರಿಗೂ ನಷ್ಟವಿಲ್ಲ.

ತಿದ್ದಿದ ಪ್ರತಿ ಸಾವಿರ ಪದದೊಳಗೆ ಇರಲಿ. ಮೈಲಿ ಬೇಡ, ಕಿಲೋಮೀಟರಿನಲ್ಲೇ ಬರೆಯಿರಿ. ಲೀಟರಿಗೆ ತೆರಿಗೆ ಎಷ್ಟು ಅಂತ ಹೇಳುವಾಗ ಪಕ್ಕದಲ್ಲಿ ತಾರೀಖು ಹಾಕಿ, ದರ ಆಗಾಗ ಬದಲಾಗುತ್ತದೆ.

ಇಂತಿ,
ಸಂಪಾದಕ