ಶೇಕಡಾ 95 ಬಂದ ಚಿತ್ರ ಯಾಕೆ ಹಿಡಿಸಲಿಲ್ಲ?

ಓದುಗರ ಪತ್ರ: ವಿಮರ್ಶೆಗಳನ್ನು ಒಟ್ಟುಗೂಡಿಸುವ ರಾಟನ್ ಟೊಮೇಟೋಸ್ ಜಾಲತಾಣದಲ್ಲಿ ಶೇಕಡಾ 95 ಇದೆ ಎಂದು ನಂಬಿ ಒಂದು ಚಿತ್ರ ನೋಡಿದೆವು. ಮನೆಯಲ್ಲಿ ಒಬ್ಬರಿಗೂ ಹಿಡಿಸಲಿಲ್ಲ. ನಿಮ್ಮ ವಿಮರ್ಶೆಯಲ್ಲಿ ಅದು ‘ಸಾಧಾರಣ’ ಎಂದಿತ್ತಂತೆ. ಸ್ಟಾರ್ ಕೊಟ್ಟಿದ್ದರೆ ಒಂದೇ ನೋಟಕ್ಕೆ ಗೊತ್ತಾಗುತ್ತಿತ್ತು. ಪೂರ್ತಿ ಓದಲು ಎಲ್ಲರಿಗೂ ಪುರಸೊತ್ತು ಎಲ್ಲಿದೆ? ಇನ್ನಾದರೂ ಸ್ಟಾರ್ ಕೊಡಿ. ವರ್ಷದ ಅತ್ಯುತ್ತಮ ಚಿತ್ರಕ್ಕೂ ಚುನಾವಣೆಗೂ ಓದುಗರ ಮತದಾನ ನಡೆಸಿ. ಟೀವಿ ಸಮೀಕ್ಷೆಗಳಿಗಿಂತ ಅದೇ ವಾಸಿ.

ಸಂಪಾದಕರ ಉತ್ತರ: ನಿಮ್ಮ ಮೂರು ಬೇಡಿಕೆಗಳಲ್ಲಿ ಒಂದನ್ನು ಒಪ್ಪಿದ್ದೇವೆ. ಉಳಿದೆರಡನ್ನು ಯಾಕೆ ಒಪ್ಪಲಾಗದು ಎಂದು ವಿವರವಾಗಿಯೇ ಹೇಳಬೇಕು.

ಮೊದಲು ಆ 95ರ ವಿಚಾರ. ಅದು ಚಿತ್ರಕ್ಕೆ ಬಿದ್ದ ಅಂಕವಲ್ಲ. ನೂರು ವಿಮರ್ಶೆಗಳಲ್ಲಿ 95 ಒಟ್ಟಾರೆ ಒಪ್ಪಿಗೆಯ ಕಡೆಗಿವೆ ಎಂದಷ್ಟೇ ಅದರ ಅರ್ಥ. ಎಷ್ಟು ಒಪ್ಪಿದರು ಎಂಬ ಮಾತು ಅಲ್ಲಿಲ್ಲ. ಹತ್ತು ವಿಮರ್ಶಕರೂ ಒಂದು ಚಿತ್ರಕ್ಕೆ ಹತ್ತಕ್ಕೆ 6 ಕೊಟ್ಟರೆನ್ನಿ. ಹತ್ತೂ ಒಪ್ಪಿಗೆಯ ಲೆಕ್ಕಕ್ಕೆ ಸೇರಿ ಶೇಕಡಾ 100 ಬರುತ್ತದೆ. ಇನ್ನೊಂದು ಚಿತ್ರಕ್ಕೆ ಏಳು ಜನ 9 ಕೊಟ್ಟು ಮೂವರು 4 ಕೊಟ್ಟರೆ ಅದಕ್ಕೆ ಶೇಕಡಾ 70. ಸರಾಸರಿ ತೆಗೆದರೆ ಮೊದಲಿನದು 6, ಎರಡನೆಯದು 7.5! ಯಾರನ್ನೂ ಕೆರಳಿಸದ, ಯಾರ ಮನಸ್ಸಿನಲ್ಲೂ ಉಳಿಯದ ಚಿತ್ರ ಈ ಶೇಕಡಾವಾರು ಲೆಕ್ಕದಲ್ಲಿ ಸಲೀಸಾಗಿ ಮೇಲೇರಿಬಿಡುತ್ತದೆ. ನಿಮಗೆ ಸಿಕ್ಕಿದ್ದು ಬಹುಶಃ ಅಂಥದ್ದೇ. ಅಂಥದ್ದೇ ಇನ್ನೊಂದು ಜಾಲತಾಣ ಮೆಟಾಕ್ರಿಟಿಕ್ ತೆಗೆಯುವುದು ವಿಮರ್ಶಕರ ಅಂಕಗಳ ಸರಾಸರಿಯನ್ನು, ನೂರಕ್ಕೆ ಇಷ್ಟು ಎಂದು. ಮುಂದಿನ ಸಲ ಎರಡನ್ನೂ ನೋಡಿ. ಮೊದಲನೆಯದರಲ್ಲಿ 95, ಮೆಟಾಕ್ರಿಟಿಕ್‌ನಲ್ಲಿ 65 ಅಂತಿದ್ದರೆ ‘ಪರವಾಗಿಲ್ಲ’ ಎಂದವರೇ ಹೆಚ್ಚು ಎಂದು ತಿಳಿಯಿರಿ.

ಪ್ರೇಕ್ಷಕರು ಕೊಡುವ ಅಂಕಗಳ ತೊಂದರೆ ಬೇರೆ. ಅಲ್ಲಿ ಅಂಕ ಕೊಡಲು ಕೂರುವವರು ಹೆಚ್ಚಾಗಿ ಚಿತ್ರವನ್ನು ತಲೆಯ ಮೇಲೆ ಹೊತ್ತವರು, ಇಲ್ಲವೇ ಕಂಡರಾಗದವರು. ಸುಮಾರಾಗಿದೆ ಎನಿಸಿದವರು ಸುಮ್ಮನಿರುತ್ತಾರೆ. ಯೂಟ್ಯೂಬ್‌ನಲ್ಲಿ ಐದು ಸ್ಟಾರ್‌ಗಳ ಪದ್ಧತಿ ಇದ್ದಾಗ ಬಹುಪಾಲು ಮತಗಳು 5ಕ್ಕೇ ಬೀಳುತ್ತಿದ್ದವು, ನಂತರದ ಸ್ಥಾನ 1ರದು. ನಡುವಿನ ಮೂರು ಸ್ಟಾರ್‌ಗಳನ್ನು ಕೇಳುವವರೇ ಇರಲಿಲ್ಲ. 2010ರಲ್ಲಿ ಅವರು ಸ್ಟಾರ್ ಬಿಟ್ಟು ಹೆಬ್ಬೆರಳಿನ ಗುರುತಿಗೆ ಬಂದರು. ಇನ್ನು ಅಭಿಮಾನಿಗಳ ಜಗಳ ಚಿತ್ರ ಬರುವ ಮೊದಲೇ ಶುರುವಾಗುತ್ತದೆ. ಹೀಗಾಗಿ 2019ರಲ್ಲಿ ರಾಟನ್ ಟೊಮೇಟೋಸ್ ಬಿಡುಗಡೆಗೆ ಮುನ್ನ ಪ್ರೇಕ್ಷಕರು ಟಿಪ್ಪಣಿ ಹಾಕುವುದನ್ನೇ ನಿಲ್ಲಿಸಿತು. ಆದ್ದರಿಂದ ಮೊದಲ ವಾರಾಂತ್ಯ ಕಳೆಯಲಿ. ಆಮೇಲೆ 1 ಮತ್ತು 10 ಕೊಟ್ಟವರನ್ನು ಬಿಟ್ಟು 6, 7 ಕೊಟ್ಟವರು ಬರೆದ ನಾಲ್ಕೈದು ಟಿಪ್ಪಣಿ ಓದಿ. ಚಿತ್ರದಲ್ಲಿ ಏನಿದೆ, ಏನಿಲ್ಲ ಎಂದು ಬಿಡಿಸಿ ಹೇಳುವವರು ಅವರೇ.

ನಾವು ಸ್ಟಾರ್ ಕೊಡದಿರಲು ಕಾರಣವೂ ಇದೇ. ಮಕ್ಕಳ ಚಿತ್ರದ ಮೂರು ಸ್ಟಾರ್, ಪತ್ತೇದಾರಿ ಚಿತ್ರದ ಮೂರು ಸ್ಟಾರ್ ಒಂದೇ ಅಲ್ಲ. ಆದರೂ ಪುಟದ ಮೇಲೆ ಒಂದೇ ಥರ ಕಾಣುತ್ತವೆ. ಪುರಸೊತ್ತಿಲ್ಲ ಎಂಬ ನಿಮ್ಮ ದೂರು ಮಾತ್ರ ನ್ಯಾಯವಾದದ್ದು. ಮುಂದಿನ ಸಂಚಿಕೆಯಿಂದ ಪ್ರತಿ ವಿಮರ್ಶೆಯ ತಲೆಯಲ್ಲಿ ಎರಡು ಸಾಲು ಇರುತ್ತದೆ: ಚಿತ್ರ ಎಷ್ಟು ಹೊತ್ತಿನದು, ಯಾರಿಗೆ ಹಿಡಿಸಬಹುದು, ಯಾರಿಗೆ ಬೇಸರವಾಗಬಹುದು, ಮಕ್ಕಳನ್ನು ಕೂರಿಸಿಕೊಂಡು ನೋಡಬಹುದೇ.

ಚುನಾವಣೆಗೆ ಓದುಗರ ಮತದಾನ ಮಾತ್ರ ಖಂಡಿತ ಬೇಡ. ಈ ಕೆಲಸ ಮಾಡಿ ಕೈಸುಟ್ಟುಕೊಂಡ ಪತ್ರಿಕೆಯೊಂದಿತ್ತು. ಅಮೆರಿಕದ ‘ಲಿಟರರಿ ಡೈಜೆಸ್ಟ್’ 1936ರ ಅಧ್ಯಕ್ಷ ಚುನಾವಣೆಗೆ ಮುನ್ನ ಒಂದು ಕೋಟಿ ಮಾದರಿ ಮತಪತ್ರಗಳನ್ನು ಅಂಚೆಯಲ್ಲಿ ಕಳಿಸಿತು. ತಿರುಗಿ ಬಂದವು 20 ಲಕ್ಷಕ್ಕೂ ಹೆಚ್ಚು. ಅಧ್ಯಕ್ಷ ರೂಸ್‌ವೆಲ್ಟ್ ವಿರುದ್ಧ ನಿಂತಿದ್ದ ಲ್ಯಾಂಡನ್ ಗೆಲ್ಲುತ್ತಾರೆ ಎಂದು ಅದು ಸಾರಿತು. ಎಣಿಕೆಯಾದಾಗ ರೂಸ್‌ವೆಲ್ಟ್‌ಗೆ ಶೇಕಡಾ 61ರಷ್ಟು ಮತ. 48 ರಾಜ್ಯಗಳಲ್ಲಿ ಲ್ಯಾಂಡನ್ ಗೆದ್ದದ್ದು ಎರಡನ್ನು. ವಿಳಾಸಗಳನ್ನು ತೆಗೆದದ್ದು ಬಹುಮಟ್ಟಿಗೆ ಟೆಲಿಫೋನ್ ಡೈರೆಕ್ಟರಿ ಮತ್ತು ಕಾರು ಮಾಲೀಕರ ಪಟ್ಟಿಗಳಿಂದ. ಆರ್ಥಿಕ ಕುಸಿತದ ಆ ಕಷ್ಟಕಾಲದಲ್ಲಿ ಫೋನು, ಕಾರು ಇದ್ದವರು ಉಳ್ಳವರು. ಸಾಲದ್ದಕ್ಕೆ ಉತ್ತರ ಬರೆದು ಅಂಚೆಗೆ ಹಾಕುವ ಹುರುಪು ರೂಸ್‌ವೆಲ್ಟ್ ಮೇಲೆ ಸಿಟ್ಟಿದ್ದವರಿಗೇ ಹೆಚ್ಚಿತ್ತು. ಅದಕ್ಕಿಂತ ಎಷ್ಟೋ ಕಡಿಮೆ ಜನರನ್ನು ಕೇಳಿದ ಸಮೀಕ್ಷಕ ಜಾರ್ಜ್ ಗ್ಯಾಲಪ್ ಗೆಲ್ಲುವವರು ಯಾರೆಂದು ಸರಿಯಾಗಿ ಹೇಳಿದರು. ಅನ್ನ ಬೆಂದಿದೆಯೇ ಎಂದು ನೋಡಲು ಒಂದು ಅಗುಳು ಸಾಕು, ನಿಜ. ಆದರೆ ಕೆಳಗಿನ ಅಗುಳಿಗೂ ಕೈಗೆ ಸಿಗುವ ಅವಕಾಶ ಇರಬೇಕು. ನಮ್ಮ ಓದುಗರು ಎಷ್ಟೇ ಜನರಿದ್ದರೂ ಒಂದು ಬಗೆಯ ಜನ. ಕೂಪನ್ ತುಂಬಿ ಕಳಿಸುವವರು ಅವರಲ್ಲೂ ಒಂದು ಬಗೆ.

ಟೀವಿ ಸಮೀಕ್ಷೆಗಳನ್ನು ಸಾರಾಸಗಟಾಗಿ ತಳ್ಳಿಹಾಕಬೇಡಿ, ಅಳೆದು ನೋಡಿ. ಜನರನ್ನು ಸರಿಯಾಗಿ ಆರಿಸಿದ್ದರೂ 1,000 ಮಂದಿಯ ಸಮೀಕ್ಷೆಯಲ್ಲಿ ಪ್ರತಿ ಶೇಕಡಾ ಅಂಕಿಯೂ ಸುಮಾರು 3 ಅಂಶ ಅತ್ತಿತ್ತ ಆಗಬಹುದು. ಈ ತಪ್ಪನ್ನು ಅರ್ಧಕ್ಕಿಳಿಸಲು 2,000 ಸಾಲದು, 4,000 ಮಂದಿ ಬೇಕು. ಒಬ್ಬರಿಗೆ 42, ಇನ್ನೊಬ್ಬರಿಗೆ 39 ಎಂದು ತೋರಿಸಿ ‘ಮುನ್ನಡೆ’ ಎಂದು ಕೂಗುತ್ತಾರಲ್ಲ, ಆ ಅಂತರದ ತಪ್ಪು 3 ಅಲ್ಲ, 5ರಿಂದ 6. ಅಂದರೆ ಹಿಂದಿರುವವರೇ ಮುಂದಿರಲೂಬಹುದು. ಎಷ್ಟು ಜನರನ್ನು, ಯಾವ ದಿನಗಳಲ್ಲಿ, ಹೇಗೆ ಕೇಳಿದರು, ಪ್ರಶ್ನೆಯ ಮಾತು ಹೇಗಿತ್ತು, ‘ಇನ್ನೂ ನಿರ್ಧರಿಸಿಲ್ಲ’ ಎಂದವರು ಎಷ್ಟು ಎಂಬುದನ್ನು ಹೇಳದ ಸಮೀಕ್ಷೆಗೆ ಕಿವಿಗೊಡಬೇಕಿಲ್ಲ. ಅರ್ಧ ತಾಸಿನ ಚರ್ಚೆಯ ನಡುವೆ ‘ಹೌದು ಎಂದರೆ ಒಂದು ಒತ್ತಿ’ ಎನ್ನುವುದಂತೂ ಸಮೀಕ್ಷೆಯೇ ಅಲ್ಲ.

ವರ್ಷದ ಚಿತ್ರಕ್ಕೆ ಮತದಾನ ನಡೆಸೋಣ. ‘ಓದುಗರ ಮೆಚ್ಚುಗೆ’ ಎಂದೇ ಕರೆಯುತ್ತೇವೆ, ‘ಜನಾಭಿಪ್ರಾಯ’ ಎನ್ನುವುದಿಲ್ಲ. ಒಂದೇ ಚಿತ್ರದ ಹೆಸರು ಬರೆಯಿರಿ ಎಂದರೆ ಹೆಚ್ಚು ಜನ ನೋಡಿದ ಚಿತ್ರ ಗೆಲ್ಲುತ್ತದೆ, ಹೆಚ್ಚು ಮೆಚ್ಚಿದ್ದಲ್ಲ. ಹಾಗಾಗಿ ಕೂಪನ್‌ನಲ್ಲಿ ಪ್ರತಿ ಚಿತ್ರದ ಮುಂದೆ ಎರಡು ಮನೆ: ನೋಡಿದ್ದೀರಾ, ನೋಡಿದ್ದರೆ ಹತ್ತಕ್ಕೆ ಎಷ್ಟು. ಇಲ್ಲೂ ಒಂದು ಅಪಾಯವಿದೆ. ಐದೇ ಜನ ನೋಡಿ ಐವರೂ 9 ಕೊಟ್ಟ ಚಿತ್ರ ತುದಿಗೆ ಹೋಗಿ ಕೂರಬಾರದು. ಅದಕ್ಕೆ ಪ್ರತಿ ಚಿತ್ರಕ್ಕೂ ಎಲ್ಲ ಚಿತ್ರಗಳ ಸರಾಸರಿಯಷ್ಟು ಅಂಕದ 20 ಮತಗಳನ್ನು ನಾವೇ ಸೇರಿಸಿ ಲೆಕ್ಕ ಹಾಕುತ್ತೇವೆ. ಒಟ್ಟು ಸರಾಸರಿ 6 ಇದ್ದರೆ ಆ ಐವರ 9 ಇಳಿದು 6.6 ಆಗುತ್ತದೆ, 200 ಜನ 8 ಕೊಟ್ಟದ್ದು 7.8ರಲ್ಲೇ ನಿಲ್ಲುತ್ತದೆ. ಇನ್ನಷ್ಟು ಜನ ನೋಡಿ ಅಂಕ ಕೊಟ್ಟರೆ ಆ ಸಣ್ಣ ಚಿತ್ರವೂ ತಾನಾಗಿ ಮೇಲೆ ಬರುತ್ತದೆ. ಎಷ್ಟು ಜನ ನೋಡಿದ್ದರು ಎಂಬುದನ್ನು ಅಂಕದ ಪಕ್ಕದಲ್ಲೇ ಅಚ್ಚು ಹಾಕುತ್ತೇವೆ. ಮನೆಗೊಂದಲ್ಲ, ತಲೆಗೊಂದು ಕೂಪನ್. ನಿಮ್ಮ ಮನೆಯವರು ಆ ಶೇಕಡಾ 95ರ ಚಿತ್ರಕ್ಕೂ ಬೇರೆ ಬೇರೆಯಾಗಿ ಅಂಕ ಹಾಕಿ ಕಳಿಸಿ.