ಆಕ್ಸಿಜನ್ ಯಂತ್ರದ ಜಿಯೋಲೈಟ್ ನೈಟ್ರೋಜನ್ನನ್ನು ಹಿಡಿಯುವುದು ಹೇಗೆ?

ಗಾಳಿಯಿಂದ ನೈಟ್ರೋಜನ್ ತೆಗೆದು ರೋಗಿಗೆ ಆಕ್ಸಿಜನ್ ಕೊಡುವ ಯಂತ್ರ ಆಕ್ಸಿಜನ್ ಕಾನ್ಸಂಟ್ರೇಟರ್. ಅದರ ಒಳಗಿನ ಜಿಯೋಲೈಟ್ ಅನ್ನುವ ಹರಳು ಜರಡಿಯ ಹಾಗೆ ದೊಡ್ಡ ಅಣುವನ್ನು ತಡೆದು ಚಿಕ್ಕದನ್ನು ಬಿಡುತ್ತದಾ, ಚಿಕ್ಕ ಅಣುವೇ ಒಳಗೆ ಬೇಗ ಓಡುತ್ತದಾ ಅಂತ ಕೇಳಿದ್ದೀರಿ. ನಾನು ಮಡಿಕೇರಿಯಲ್ಲಿ ಪಿಯು ಮಕ್ಕಳಿಗೆ ಕೆಮಿಸ್ಟ್ರಿ ಹೇಳಿಕೊಡುತ್ತೇನೆ. ಕೋವಿಡ್ ಬಂದು ಹೋದ ಮೇಲೆ ಈ ಪ್ರಶ್ನೆ ನಮ್ಮ ಕ್ಲಾಸಿನಲ್ಲೂ ಬರುತ್ತದೆ.

ಜರಡಿಯ ಲೆಕ್ಕ ಇಲ್ಲಿ ಕೂಡಿಬರುವುದಿಲ್ಲ. ನೈಟ್ರೋಜನ್ ಅಣುವಿನ ಅಗಲ ಸುಮಾರು 3.64 ಆಂಗ್‌ಸ್ಟ್ರಾಮ್, ಆಕ್ಸಿಜನ್ನಿನದು 3.46. ಒಂದು ಮಿಲಿಮೀಟರನ್ನು ಕೋಟಿ ಪಾಲು ಮಾಡಿದರೆ ಒಂದು ಪಾಲು ಒಂದು ಆಂಗ್‌ಸ್ಟ್ರಾಮ್. ಈ ಯಂತ್ರಗಳಿಗೆ ಹಾಕುವ ಎಕ್ಸ್ ಜಾತಿಯ ಜಿಯೋಲೈಟಿನ ಕಿಂಡಿ ಸುಮಾರು 7.4 ಆಂಗ್‌ಸ್ಟ್ರಾಮ್ ಇದೆ. ಎರಡೂ ಆರಾಮಾಗಿ ನುಗ್ಗುತ್ತವೆ.

ವ್ಯತ್ಯಾಸ ಇರುವುದು ಸೆಳೆತದಲ್ಲಿ. ಜಿಯೋಲೈಟ್ ಅಂದರೆ ಸಿಲಿಕಾನ್, ಅಲ್ಯೂಮಿನಿಯಂ, ಆಕ್ಸಿಜನ್ ಪರಮಾಣುಗಳ ಗೂಡುಗೂಡಾದ ಹರಳು. ಸಿಲಿಕಾನ್ ಇರಬೇಕಾದ ಕಡೆ ಅಲ್ಯೂಮಿನಿಯಂ ಕೂತರೆ ಅಲ್ಲಿ ಒಂದು ಋಣ ಚಾರ್ಜ್ ಉಳಿಯುತ್ತದೆ. ಅದನ್ನು ಸರಿದೂಗಿಸಲು ಸೋಡಿಯಂ ಇಲ್ಲವೇ ಲಿಥಿಯಂ ಅಯಾನುಗಳು (ಧನ ಚಾರ್ಜ್ ಇರುವ ಪರಮಾಣುಗಳು) ಗೂಡಿನ ಗೋಡೆಗೆ ಅಂಟಿಕೊಂಡಿರುತ್ತವೆ. ನೈಟ್ರೋಜನ್ ಅಣುವಿನೊಳಗೆ ಚಾರ್ಜ್ ಹಂಚಿಕೊಂಡಿರುವ ರೀತಿಯಿಂದಾಗಿ ಈ ಅಯಾನುಗಳು ಅದನ್ನು ಆಕ್ಸಿಜನ್ನಿಗಿಂತ ಜಾಸ್ತಿ ಎಳೆಯುತ್ತವೆ. ಒತ್ತಡ ಏರಿಸಿದಾಗ ನೈಟ್ರೋಜನ್ ಅಂಟುತ್ತದೆ, ಇಳಿಸಿದಾಗ ಬಿಟ್ಟುಹೋಗುತ್ತದೆ. ಜಿಯೋಲೈಟ್ ತುಂಬಿದ ಎರಡು ಸಿಲಿಂಡರುಗಳು ಸರದಿಯ ಮೇಲೆ ಈ ಕೆಲಸ ಮಾಡುತ್ತವೆ. ಗಾಳಿಯ ಆರ್ಗಾನ್ ಮಾತ್ರ ಆಕ್ಸಿಜನ್ ಜೊತೆಗೇ ಬರುತ್ತದೆ. ಅದಕ್ಕೇ ಯಂತ್ರ ಕೊಡುವ ಆಕ್ಸಿಜನ್ ಶೇಕಡಾ 95ರ ಆಸುಪಾಸಿನಲ್ಲೇ ನಿಲ್ಲುತ್ತದೆ.

ಗಾತ್ರಕ್ಕೆ ಬೆಲೆಯೇ ಇಲ್ಲ ಅಂತಲ್ಲ. 4ಎ ಅನ್ನುವ ಜಿಯೋಲೈಟಿನ ಕಿಂಡಿ ಸುಮಾರು 4 ಆಂಗ್‌ಸ್ಟ್ರಾಮ್ ಅಷ್ಟೇ. ಅಲ್ಲಿ ಆಕ್ಸಿಜನ್ ಸರಾಗವಾಗಿ ನುಗ್ಗುತ್ತದೆ, ನೈಟ್ರೋಜನ್ ನಿಧಾನಕ್ಕೆ ತೂರುತ್ತದೆ.

ಇನ್ನು ಓಡಾಟದ ವಿಷಯ. ಅಣು ಒಂದು ಗೂಡಿನಲ್ಲಿ ಗೋಡೆಗೆ ಅಂಟುತ್ತದೆ, ಅಲುಗಾಡುತ್ತದೆ, ಸಾಕಷ್ಟು ಶಕ್ತಿ ಸಿಕ್ಕಾಗ ಕಿಂಡಿ ದಾಟಿ ಪಕ್ಕದ ಗೂಡಿಗೆ ಜಿಗಿಯುತ್ತದೆ. ಬಿಸಿ ಏರಿದರೆ ಜಿಗಿತವೂ ಜಾಸ್ತಿ. ಚಿಕ್ಕದೇ ಬೇಗ ಓಡಬೇಕು ಅಂತ ನಮಗೆ ಅನ್ನಿಸುತ್ತದೆ, ಅಲ್ವಾ? ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎಸ್. ಯಶೋನಾಥ್ ಮತ್ತು ಸಂಗಡಿಗರು 1990ರ ದಶಕದಲ್ಲಿ ಕಂಪ್ಯೂಟರಿನಲ್ಲಿ ಇದನ್ನು ಲೆಕ್ಕ ಹಾಕಿದರು. ಕಣದ ಗಾತ್ರ ಏರಿಸುತ್ತಾ ಹೋದಂತೆ ವೇಗ ಮೊದಲು ಇಳಿಯಿತು. ಗಾತ್ರ ಕಿಂಡಿಯ ಅಗಲಕ್ಕೆ ಹತ್ತಿರ ಬಂದಾಗ ಮತ್ತೆ ಏರಿತು! ಕಾರಣ ಚೆಂದ ಇದೆ. ಚಿಕ್ಕ ಕಣವನ್ನು ಒಂದು ಪಕ್ಕದ ಗೋಡೆ ಎಳೆದು ಹಿಡಿದುಕೊಳ್ಳುತ್ತದೆ. ಕಿಂಡಿಗೆ ಸರಿಯಾಗಿ ಹೊಂದುವ ಕಣವನ್ನು ಎಲ್ಲ ಕಡೆಯಿಂದಲೂ ಒಂದೇ ಸಮ ಎಳೆಯುವುದರಿಂದ ಎಳೆತಗಳು ಒಂದನ್ನೊಂದು ರದ್ದು ಮಾಡುತ್ತವೆ. ಇದಕ್ಕೆ ಲೆವಿಟೇಶನ್ (ತೇಲುವಿಕೆ) ಪರಿಣಾಮ ಅಂತ ಹೆಸರು. ನಮ್ಮ ರಾಜ್ಯದಲ್ಲೇ ನಡೆದ ಈ ಕೆಲಸವನ್ನು ಮಕ್ಕಳಿಗೆ ಹೇಳದೆ ಪಾಠ ಮುಗಿಸಲು ನನಗೆ ಮನಸ್ಸು ಬರುವುದಿಲ್ಲ.

ಅಂಟುವುದನ್ನು ಕೈಯಲ್ಲೇ ನೋಡಬಹುದು. ಚೆನ್ನಾಗಿ ಕಾಯಿಸಿ ಒಣಗಿಸಿ ಆರಿಸಿದ ಜಿಯೋಲೈಟ್ ಮಣಿಗಳು ಸಾಸಿವೆಯಷ್ಟೇ ಇರುತ್ತವೆ. ಗಾಜಿನ ಲೋಟದಲ್ಲಿ ಸ್ವಲ್ಪ ಹಾಕಿ ನೀರು ಹನಿಸಿ. ಚುರುಚುರು ಅಂತ ಗಾಳಿಗುಳ್ಳೆ ಏಳುತ್ತದೆ, ಲೋಟ ಬಿಸಿಯಾಗುತ್ತದೆ. ನೀರಿನ ಅಣು ಅಯಾನಿಗೆ ಅಂಟುವಾಗ ಬಿಡುವ ಶಾಖ ಅದು. ಒಳಗಿದ್ದ ಗಾಳಿಯನ್ನು ನೀರು ತಳ್ಳಿ ಹೊರಗೆ ಹಾಕುತ್ತದೆ.

ಕೊಡಗಿನವರಿಗೆ ಇದು ಮುಖ್ಯ. ಜುಲೈ–ಆಗಸ್ಟ್ ಹೊತ್ತಿನ ಕಕ್ಕಡ ತಿಂಗಳ ಮಳೆಯಲ್ಲಿ ನಮ್ಮ ಮನೆಗಳ ಗಾಳಿಯೇ ಒದ್ದೆ. ನೀರನ್ನು ಜಿಯೋಲೈಟ್ ನೈಟ್ರೋಜನ್ನಿಗಿಂತ ತುಂಬಾ ಬಿಗಿಯಾಗಿ ಹಿಡಿಯುತ್ತದೆ. ತೇವ ತುಂಬಿದ ಗೂಡಿನಲ್ಲಿ ನೈಟ್ರೋಜನ್ನಿಗೆ ಜಾಗ ಇರುವುದಿಲ್ಲ, ಆಗ ಆಕ್ಸಿಜನ್ನಿನ ಶೇಕಡಾ ಇಳಿಯುತ್ತದೆ. ಹಾಗೆ ಸೇರಿದ ನೀರನ್ನು ಪೂರ್ತಿ ಓಡಿಸಲು 250–300 ಡಿಗ್ರಿ ಸೆಲ್ಸಿಯಸ್ ಶಾಖ ಬೇಕು, ಮನೆಯಲ್ಲಿ ಆಗುವ ಮಾತಲ್ಲ. ವರ್ಷಗಟ್ಟಲೆ ಮೂಲೆಯಲ್ಲಿ ಸುಮ್ನೆ ಕೂತ ಯಂತ್ರವಿದ್ದರೆ, ರೋಗಿಗೆ ಹಾಕುವ ಮೊದಲು ಆಕ್ಸಿಜನ್ ಅಳೆಯುವ ಮೀಟರ್ ಹಿಡಿಸಿ ಶೇಕಡಾ ಎಷ್ಟು ಬರುತ್ತಿದೆ ಅಂತ ನೋಡಿಸಿಕೊಳ್ಳಿ.