ಬೀಪ್ ಬಂದರೆ ಮೊದಲು ನೀರಿನ ಧಾರೆ ನೋಡಿ

ಅಣ್ಣ, ದೋಣಿಯ ಹಿಂದೆ ಕಟ್ಟಿರುವ ಮೋಟಾರ್ (ಔಟ್‌ಬೋರ್ಡ್) ಹತ್ತು ನಿಮಿಷ ಓಡಿದ ಮೇಲೆ ಬೀಪ್ ಬರುತ್ತದೆ, ಸ್ಪೀಡ್ ತಾನಾಗಿ ಇಳಿಯುತ್ತದೆ ಅಂದಿರಲ್ವಾ, ಅದು ಹೆಚ್ಚಾಗಿ ಇಂಜಿನ್ ಬಿಸಿಯಾಗಿರುವ ಲಕ್ಷಣ. ಮೋಟಾರಿನ ಹಿಂದೆ ಸಣ್ಣ ತೂತಿನಿಂದ, ಇಂಜಿನ್ ತಂಪು ಮಾಡುವ ನೀರು ಜೋರಾಗಿ ಚಿಮ್ಮುತ್ತಿದೆಯಾ ನೋಡಿ. ಇಲ್ಲದಿದ್ದರೆ ಕೂಡಲೇ ಆಫ್ ಮಾಡಿ, ಮೋಟಾರ್ ಎತ್ತಿ, ಕೆಳಗೆ ನೀರು ಎಳೆಯುವ ಜಾಲರಿಗೆ ಪ್ಲಾಸ್ಟಿಕ್, ಬಲೆ ನೂಲು ಸಿಕ್ಕಿದೆಯಾ ಹುಡುಕಿ. ತೂತಿಗೆ ತೆಳು ತಂತಿಯನ್ನೂ ಹಾಕಿ ನೋಡಿ, ಎಷ್ಟೋ ಸಲ ಉಪ್ಪು ಮರಳು ಅಲ್ಲೇ ಕಟ್ಟಿರುತ್ತದೆ.

ಎರಡೂ ಸರಿಯಿದ್ದು ಧಾರೆ ಸಪ್ಪೆಯಿದ್ದರೆ ವಾಟರ್ ಪಂಪಿನ ಇಂಪೆಲ್ಲರ್ (ನೀರು ತಳ್ಳುವ ರೆಕ್ಕೆ ಚಕ್ರ) ಬದಲಿಸಿ. ಅದು ರಬ್ಬರಿನದ್ದು, ಅಳಿವೆಯ ಮರಳು ನೀರಲ್ಲಿ ಬೇಗ ಸವೆಯುತ್ತದೆ. ಧಾರೆ ಚೆನ್ನಾಗಿದ್ದೂ ಬಿಸಿಯಾದರೆ ಥರ್ಮೋಸ್ಟಾಟ್ (ಬಿಸಿ ನೋಡಿ ನೀರು ಬಿಡುವ ವಾಲ್ವ್) ತೆಗೆದು ನೋಡಿಸಿ.

ನಿಮ್ಮದು ಫೋರ್ ಸ್ಟ್ರೋಕ್ (ಆಯಿಲ್ ಪೆಟ್ರೋಲಿಗೆ ಬೆರೆಸದೆ ಇಂಜಿನ್ ಒಳಗೇ ಇರುವ ಬಗೆ) ಆದ್ದರಿಂದ ಮೋಟಾರ್ ನೆಟ್ಟಗೆ ನಿಲ್ಲಿಸಿ ಆಯಿಲ್ ಕೂಡ ನೋಡಿ. ಆಯಿಲ್ ಪ್ರೆಶರ್ ದೀಪ ಹತ್ತಿದರೆ ಮಾತ್ರ ದಡದವರೆಗೂ ಓಡಿಸಬೇಡಿ, ಬೇರೆ ದೋಣಿಗೆ ಹಗ್ಗ ಕಟ್ಟಿ ಬನ್ನಿ. ಸದ್ದು ಕಿರಿಕಿರಿ ಅಂತ ಬಝರ್ ವೈರ್ ಮಾತ್ರ ಕೀಳಬೇಡಿ ಅಣ್ಣ.